ಸಿರಿಯೂ ಸಂತಸವೂ: ದಿನನಿತ್ಯದ ಸಾಧನೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ದಿನದ ಸಭೆಯಲ್ಲಿ ನೀಡಿದ ಉಪನ್ಯಾಸ)



ಒಂದು ದೇವಾಲಯವು ನೂರು ವರ್ಷಗಳನ್ನು ಪೂರೈಸುವುದೆಂದರೆ ನಾಲ್ಕು ತಲೆಮಾರುಗಳ ವಿಶ್ವಾಸ, ಬೆವರು ಮತ್ತು ಕಾಣಿಕೆ ಒಂದೆಡೆ ಸೇರಿ ಕಲ್ಲುಗಾರೆಯ ರೂಪ ತಳೆದು ನಿಂತಿದೆಯೆಂದೇ ಅರ್ಥ. ಹಿರಿಯರ ಭಕ್ತಿಯನ್ನೂ ಗುರುಗಳ ತ್ಯಾಗವನ್ನೂ ಸ್ಮರಿಸುವ ಮಾತುಗಳು ಈ ವೇದಿಕೆಯಿಂದ ಈಗಾಗಲೇ ಕೇಳಿಬಂದಿವೆ. ನಮಗೆ ಒಪ್ಪಿಸಲಾಗಿರುವ ವಿಷಯ ಬೇರೆ: ಮನೆಗೆ ಸಿರಿಯನ್ನೂ ಸಂತಸವನ್ನೂ ತರುವ ಮನೋಧರ್ಮ ಯಾವುದು, ದಿನಚರಿ ಯಾವುದು ಎಂಬುದು.

ದೇವಾಲಯದ ಅಂಗಳದಲ್ಲಿ ಹಣದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಶುಭಸಂದೇಶವನ್ನು ತೆರೆದು ನೋಡಿದರೆ ಕಳೆದುಹೋದ ನಾಣ್ಯ, ಸಾಲಗಾರನ ಪತ್ರ, ದ್ರಾಕ್ಷಾತೋಟದ ಕೂಲಿ, ಧಣಿಯು ಆಳುಗಳಿಗೆ ಒಪ್ಪಿಸಿದ ತಲೆಂತುಗಳು, ಕಾಣಿಕೆ ಪೆಟ್ಟಿಗೆಗೆ ಬಿದ್ದ ಬಡ ವಿಧವೆಯ ಎರಡು ಕಾಸು, ಇವೆಲ್ಲವೂ ನಮಗೆ ಎದುರಾಗುತ್ತವೆ. ಪ್ರಭು ಯೇಸು ಹಣದ ವಿಚಾರವಾಗಿ ಮೌನವಾಗಿರಲಿಲ್ಲ. ನಾವೇಕೆ ಮೌನವಾಗಿರಬೇಕು? ಮನೆಯಲ್ಲಿ ಸಂಜೆಯ ಜಪಸರ ನಿಂತುಹೋಗುವುದಕ್ಕೂ, ಗಂಡ ಹೆಂಡಿರ ನಡುವೆ ಮಾತು ಕಡಿದುಹೋಗುವುದಕ್ಕೂ, ಮಗಳ ಓದು ಅರ್ಧಕ್ಕೆ ಮುರಿಯುವುದಕ್ಕೂ ಎಷ್ಟೋ ಬಾರಿ ಮೂಲವು ಹಣದ ಅವ್ಯವಸ್ಥೆಯಲ್ಲಿರುತ್ತದೆ. ಇದನ್ನು ಅರಿಯದ ಗುರುಗಳಿಲ್ಲ, ಅನುಭವಿಸದ ಧರ್ಮಕೇಂದ್ರವಿಲ್ಲ.

ಸಿರಿಯ ಬಗ್ಗೆ ನಮ್ಮಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಸಿರಿಯೇ ಪಾಪ, ಬಡತನವೇ ಪುಣ್ಯ ಎಂಬುದು ಮೊದಲನೆಯದು. ಸಂತ ಪೌಲರು ತಿಮೊಥೇಯನಿಗೆ ಬರೆದ ಪತ್ರದಲ್ಲಿ ಸಕಲ ಕೇಡುಗಳ ಬೇರೆಂದು ತೋರಿಸಿದ್ದು ಹಣವನ್ನಲ್ಲ, ಹಣದ ವ್ಯಾಮೋಹವನ್ನು. ಹಸಿದ ಮಕ್ಕಳ ತಾಯಿಗೆ ಬಡತನವನ್ನು ಹೊಗಳಿ ಹೇಳುವುದು ಭಕ್ತಿಯಲ್ಲ, ನಿರ್ದಯೆ. ಇಷ್ಟಪಟ್ಟು ಸ್ವೀಕರಿಸಿದ ಸನ್ಯಾಸಿಯ ಬಡತನ ಬೇರೆ, ಹೇರಲ್ಪಟ್ಟ ಸಂಸಾರಿಯ ಬಡತನ ಬೇರೆ.

ಎರಡನೆಯ ತಪ್ಪು ಕಲ್ಪನೆ ಇಂದಿನ ದಿನಗಳಲ್ಲಿ ಹೆಚ್ಚು ಹರಡಿದೆ. ಧನವನ್ನು ಮನಸ್ಸಿನಲ್ಲಿ ಬಲವಾಗಿ ನೆನೆಯುತ್ತಿದ್ದರೆ, ಅಯಸ್ಕಾಂತದ ಕಡೆಗೆ ಕಬ್ಬಿಣ ಸರಿದು ಬರುವಂತೆ ಧನವು ತಾನಾಗಿ ಬರುತ್ತದೆ ಎಂಬ ಬೋಧನೆ ಅದು. ಇದು ಹೊಸದೇನೂ ಅಲ್ಲ. ಅಮೆರಿಕದಲ್ಲಿ 1906ರಲ್ಲಿ ವಿಲಿಯಂ ವಾಕರ್ ಅಟ್ಕಿನ್ಸನ್ ಎಂಬವರು ಆಲೋಚನೆಯ ಆಕರ್ಷಣ ನಿಯಮವನ್ನು ಕುರಿತು ಪುಸ್ತಕ ಬರೆದರು. 1910ರಲ್ಲಿ ವ್ಯಾಲೇಸ್ ವ್ಯಾಟಲ್ಸ್ ಎಂಬವರು ಶ್ರೀಮಂತರಾಗುವ ಶಾಸ್ತ್ರವನ್ನೇ ಬರೆದರು. 2006ರಲ್ಲಿ ರೋಂಡಾ ಬರ್ನ್ ಅವರ ‘ದಿ ಸೀಕ್ರೆಟ್’ ಅದೇ ವಿಚಾರವನ್ನು ಲೋಕದ ಮೂಲೆಮೂಲೆಗೂ ಒಯ್ದಿತು. ಇದರಲ್ಲಿ ಒಂದು ಕಾಳು ಸತ್ಯವಿದೆ. ಆಸೆ ಬತ್ತಿದ ಮನಸ್ಸು ಕೈಯನ್ನೂ ಕಟ್ಟಿಹಾಕುತ್ತದೆ. ಗುರಿಯುಳ್ಳ ಮನಸ್ಸು ಬೆಳಗ್ಗೆ ಬೇಗ ಏಳುತ್ತದೆ. ಆದರೆ ಹೊಲವನ್ನು ಉಳದೆ ಫಸಲನ್ನು ಧ್ಯಾನಿಸಿದ ರೈತನ ಕಣಜ ತುಂಬಿದ್ದನ್ನು ಯಾರೂ ಕಂಡಿಲ್ಲ. ಈ ಬೋಧನೆಗೆ ಭಕ್ತಿಯ ವೇಷ ತೊಡಿಸಿ, ಇಷ್ಟು ಮೇಣದ ಬತ್ತಿ ಹಚ್ಚಿದರೆ ಇಷ್ಟು ಲಾಭ, ಇಷ್ಟು ದಿನದ ನೊವೇನ ಮುಗಿಸಿದರೆ ಇಷ್ಟು ಸಂಪಾದನೆ ಎಂದು ದೇವರೊಡನೆ ವ್ಯಾಪಾರಕ್ಕಿಳಿಯುವುದು ಇನ್ನೂ ಕೆಟ್ಟದ್ದು. ಪ್ರಾರ್ಥನೆಯು ಮಗುವು ತಂದೆಯೊಡನೆ ಆಡುವ ಮಾತೇ ಹೊರತು ಗಿರಾಕಿಯು ಅಂಗಡಿಯವನೊಡನೆ ಆಡುವ ಮಾತಲ್ಲ.

ಹಾಗಾದರೆ ಕ್ರೈಸ್ತನ ಮನೋಧರ್ಮ ಯಾವುದು? ಪವಿತ್ರ ಗ್ರಂಥದ ಎರಡು ಪ್ರಸಂಗಗಳನ್ನು ಜೊತೆಯಾಗಿಟ್ಟು ನೋಡೋಣ. ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಮನ್ನಾ ಎಂಬ ಆಹಾರವನ್ನು ದಿನದಿನವೂ ಕೊಟ್ಟರು. ದೇವರ ಮಾತಿನಲ್ಲಿ ನಂಬಿಕೆಯಿಲ್ಲದೆ ಮರುದಿನಕ್ಕೆಂದು ಬಚ್ಚಿಟ್ಟವರ ಮನ್ನಾ ಹುಳುಬಿದ್ದು ನಾರಿತು. ಇನ್ನೊಂದೆಡೆ, ಈಜಿಪ್ಟಿನಲ್ಲಿ ಜೋಸೆಫನು ಏಳು ಸುಭಿಕ್ಷದ ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕಣಜಗಳಲ್ಲಿ ಕೂಡಿಡಿಸಿದನು. ಅನಂತರ ಬಂದ ಏಳು ವರ್ಷಗಳ ಬರದಲ್ಲಿ ಅದೇ ಧಾನ್ಯ ದೇಶವನ್ನು ಉಳಿಸಿತು. ಒಂದೆಡೆ ಕೂಡಿಟ್ಟದ್ದು ಕೊಳೆಯಿತು, ಮತ್ತೊಂದೆಡೆ ಕೂಡಿಟ್ಟದ್ದು ಜೀವ ಉಳಿಸಿತು. ವ್ಯತ್ಯಾಸವೆಲ್ಲಿ? ಮೊದಲನೆಯದು ಅಪನಂಬಿಕೆಯಿಂದ ತನಗಾಗಿ ಬಚ್ಚಿಟ್ಟದ್ದು. ಎರಡನೆಯದು ಹೊಣೆಯರಿತು ಎಲ್ಲರಿಗಾಗಿ ಕಾಪಾಡಿದ್ದು. ಬಚ್ಚಿಡುವುದು ಲೋಭ, ಉಳಿಸುವುದು ವಿವೇಕ. ಐದು ಸಾವಿರ ಜನರಿಗೆ ಉಣಬಡಿಸಿದ ಪ್ರಭುವೇ ಮಿಕ್ಕ ತುಣುಕುಗಳು ಪೋಲಾಗದಂತೆ ಆರಿಸಿಡಲು ಶಿಷ್ಯರಿಗೆ ಆಜ್ಞಾಪಿಸಿದರು. ಹನ್ನೆರಡು ಬುಟ್ಟಿಗಳು ತುಂಬಿದವು. ಅದ್ಭುತ ಮಾಡಬಲ್ಲವರೇ ತುಣುಕನ್ನು ಎಣಿಸಿದರೆಂದ ಮೇಲೆ ಅದ್ಭುತ ಮಾಡಲಾರದ ನಾವು ಎಣಿಸದಿರುವುದು ಸರಿಯೇ?

ಈ ಮನೋಧರ್ಮವು ಕೈಗೆ ಇಳಿಯಬೇಕಾದರೆ ಅಭ್ಯಾಸವಾಗಬೇಕು. ಅಂತಹ ಐದು ಅಭ್ಯಾಸಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ಮೊದಲನೆಯದು, ದಿನದ ಉಳಿತಾಯ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆ ಗಾದೆಯನ್ನು ಬ್ಯಾಂಕಿನ ವ್ಯವಹಾರವನ್ನಾಗಿ ಮಾಡಿ ತೋರಿಸಿದ್ದು ನಮ್ಮ ಕನ್ನಡ ನಾಡೇ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಎಂಬ ಮೂವರು ಕೇವಲ 8,000 ರೂಪಾಯಿ ಬಂಡವಾಳದಿಂದ ಒಂದು ಸಂಸ್ಥೆಯನ್ನು ತೆರೆದರು. ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶಗಳಲ್ಲೊಂದಾಗಿತ್ತು. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಸಂಸ್ಥೆಯ ಪ್ರತಿನಿಧಿಯು ದಿನವೂ ಮನೆ ಬಾಗಿಲಿಗೆ, ಅಂಗಡಿಯ ಮೆಟ್ಟಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸಿ ಬರೆದುಕೊಂಡು ಹೋಗುತ್ತಿದ್ದನು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ. ಆ ಕಾಲದ ಬಡ ಮನೆಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಇಂದಿಗೂ ನಮ್ಮ ಪೇಟೆಬೀದಿಗಳಲ್ಲಿ ಉಳಿದಿದೆ. ಇಂದು ದಿನಕ್ಕೆ 50 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 18,250 ರೂಪಾಯಿ. ಬಡ್ಡಿಯನ್ನು ಬಿಟ್ಟು ಹತ್ತು ವರ್ಷಕ್ಕೆ 1,82,500 ರೂಪಾಯಿ. ಇದರಲ್ಲಿ ಮಂತ್ರವೂ ಇಲ್ಲ, ಗುಟ್ಟೂ ಇಲ್ಲ.

ಇನ್ನೊಂದು ದೃಷ್ಟಾಂತ ನಮ್ಮ ಧರ್ಮಸಭೆಗೆ ಹೆಚ್ಚು ಹತ್ತಿರದ್ದು, ದೂರದ ಕೆನಡಾ ದೇಶದ್ದು. ಆಲ್ಫೋನ್ಸ್ ಡೆಜಾರ್ಡಿನ್ ಎಂಬವರು ಅಲ್ಲಿನ ಸಂಸತ್ತಿನಲ್ಲಿ ಭಾಷಣಗಳನ್ನು ಬರೆದುಕೊಳ್ಳುವ ನೌಕರರು, ಶ್ರದ್ಧಾವಂತ ಕಥೋಲಿಕರು. 1897ರಲ್ಲಿ ಸದಸ್ಯರೊಬ್ಬರು ಸದನದಲ್ಲಿ ಬಡ್ಡಿಕೋರರ ಕ್ರೌರ್ಯವನ್ನು ವಿವರಿಸುತ್ತ, 150 ಡಾಲರ್ ಸಾಲ ಪಡೆದವನೊಬ್ಬನ ಮೇಲೆ 5,000 ಡಾಲರ್ ಬಡ್ಡಿ ಬಿದ್ದ ಸಂಗತಿಯನ್ನು ಹೇಳಿದರು. ಅದನ್ನು ಕೇಳಿದ ಡೆಜಾರ್ಡಿನ್ನರ ಮನಸ್ಸಿಗೆ ನೆಮ್ಮದಿ ಇಲ್ಲವಾಯಿತು. ಯೂರೋಪಿನ ಸಹಕಾರಿ ಸಂಘಗಳನ್ನು ಅಭ್ಯಾಸ ಮಾಡಿ, 1900ರ ಡಿಸೆಂಬರ್ 6ರಂದು ಕ್ವಿಬೆಕ್ ಪ್ರಾಂತದ ಲೆವಿ ಪಟ್ಟಣದಲ್ಲಿ ಜನರ ಉಳಿತಾಯ ಸಂಘವನ್ನು ಸ್ಥಾಪಿಸಿದರು. 1901ರ ಜನವರಿ 23ರಂದು ವ್ಯವಹಾರ ಆರಂಭವಾದಾಗ ಬಂದ ಮೊದಲ ಠೇವಣಿ ಹತ್ತು ಸೆಂಟ್. ಆ ದಿನದ ಒಟ್ಟು ಮೊತ್ತ 26 ಡಾಲರ್ 40 ಸೆಂಟ್. ಅವರು ಒಟ್ಟಾವದಲ್ಲಿ ಕೆಲಸದಲ್ಲಿದ್ದಾಗ ಪತ್ನಿ ದೊರಿಮೆನ್ ಅವರೇ ಸಂಘದ ಲೆಕ್ಕಪತ್ರಗಳನ್ನು ನೋಡಿಕೊಂಡರು. ಧರ್ಮಕೇಂದ್ರದ ಮೇರೆಯೇ ಸಂಘದ ಮೇರೆಯಾಗಿದ್ದುದರಿಂದ ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಯಾರು ನಂಬಿಗಸ್ತರು, ಯಾರಿಗೆ ನಿಜವಾದ ಅಗತ್ಯವಿದೆ ಎಂಬುದು ತಿಳಿದಿತ್ತು. ಹತ್ತು ಸೆಂಟಿನಿಂದ ಹೊರಟ ಆ ಸಂಸ್ಥೆ ಇಂದು ಕೆನಡಾದ ಅತಿ ದೊಡ್ಡ ಸಹಕಾರಿ ಹಣಕಾಸು ಬಳಗ.

ನಮ್ಮಲ್ಲೂ ಈ ಪರಂಪರೆ ಇಲ್ಲದಿಲ್ಲ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ರೈತರ ಸಹಕಾರಿ ಸಂಘ ಹುಟ್ಟಿತು. 1912ರಲ್ಲಿ ಮಂಗಳೂರಿನ ಕಥೋಲಿಕರು ಕಟ್ಟಿದ ಸಹಕಾರಿ ಸಂಘವು ಇಂದು ಎಂ.ಸಿ.ಸಿ. ಬ್ಯಾಂಕ್ ಎಂದು ನಡೆಯುತ್ತಿದೆ. ಹಿರಿಯರು ಪೂಜೆ ಮುಗಿದ ಮೇಲೆ ಹರಟೆಯನ್ನಷ್ಟೇ ಮಾಡಲಿಲ್ಲ, ಸಂಘವನ್ನೂ ಕಟ್ಟಿದರು. ಆದುದರಿಂದ ಉಳಿತಾಯವನ್ನು ತಿಂಗಳ ಕೊನೆಯಲ್ಲಿ ಮಿಕ್ಕರೆ ನೋಡೋಣ ಎಂದು ಬಿಡಬಾರದು. ಸಂಬಳ ಕೈಗೆ ಬಂದ ದಿನವೇ, ಕೂಲಿ ಬಂದ ಸಂಜೆಯೇ, ಒಂದು ಪಾಲನ್ನು ಬೇರೆ ತೆಗೆದಿಡಬೇಕು. ಜೋಸೆಫನ ಐದನೆಯ ಪಾಲು ಸಾಧ್ಯವಾಗದಿದ್ದರೆ ಹತ್ತನೆಯದು, ಅದೂ ಆಗದಿದ್ದರೆ ಇಪ್ಪತ್ತನೆಯದು. ಅದನ್ನು ಇಡುವ ಜಾಗವೂ ಭದ್ರವಾಗಿರಲಿ. ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ 2020ರಿಂದ ದೊರೆತಿದೆ. ನೆರೆಮನೆಯವನು ತೋರಿಸಿದ ದುಪ್ಪಟ್ಟು ಲಾಭದ ಚೀಟಿಗೆ ಅಂತಹ ರಕ್ಷಣೆ ಇಲ್ಲ. ವರ್ಷದೊಳಗೆ ಹಣ ಇಮ್ಮಡಿಯಾಗುತ್ತದೆ ಎಂದು ಹೇಳುವವನು ಜಪಸರವನ್ನೇ ಕೊರಳಿಗೆ ಹಾಕಿಕೊಂಡು ಬಂದರೂ ಅವನಿಂದ ದೂರವಿರುವುದು ಲೇಸು.

ಎರಡನೆಯ ಅಭ್ಯಾಸ, ಲೆಕ್ಕ ಬರೆಯುವುದು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕಲ್ಲವೆ ಎಂದು ಪ್ರಭು ಕೇಳಿದ್ದನ್ನು ಸಂತ ಲೂಕರು ದಾಖಲಿಸಿದ್ದಾರೆ. ಅದು ಶಿಷ್ಯತ್ವವನ್ನು ಕುರಿತ ಸಾಮತಿಯಾದರೂ ದೃಷ್ಟಾಂತ ಮನೆವಾರ್ತೆಯದು. ಮನೆಯಲ್ಲಿ ಒಂದು ಪುಸ್ತಕವಿರಲಿ. ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ. ಹಾಲಿನ ಲೆಕ್ಕ, ಮಕ್ಕಳ ಶುಲ್ಕ, ಔಷಧ, ಬಸ್ಸಿನ ಖರ್ಚು, ಎಲ್ಲವೂ ಅಲ್ಲಿರಲಿ. ಈಗ ಮೊಬೈಲಿನ ಒಂದು ಸ್ಪರ್ಶದಿಂದ ಹಣ ಹೋಗಿಬಿಡುತ್ತದೆ. ನೋಟು ಕೈಯಿಂದ ಜಾರುವಾಗ ಆಗುತ್ತಿದ್ದ ಸಣ್ಣ ನೋವು ಕೂಡ ಈಗಿಲ್ಲ. ಆದುದರಿಂದಲೇ ಬರೆಯುವ ಅಗತ್ಯ ಹೆಚ್ಚಿದೆ. ಈ ಲೆಕ್ಕವನ್ನು ಗಂಡ ಹೆಂಡಿರಿಬ್ಬರೂ ಒಟ್ಟಿಗೆ ಕುಳಿತು ನೋಡಬೇಕು. ಹೆಂಡತಿಗೆ ತಿಳಿಸದ ಸಾಲ, ಗಂಡನಿಗೆ ತಿಳಿಸದ ಚೀಟಿ, ಇವೆರಡೂ ಮನೆಯ ಗೋಡೆಯೊಳಗಿನ ಗೆದ್ದಲು.

ಈ ವಿಷಯದಲ್ಲಿ ನಮಗೆ ಒಬ್ಬ ಸಂತರ ಮಾರ್ಗದರ್ಶನವಿದೆ. ಕೇರಳದ ಕೈನಕರಿಯಲ್ಲಿ 1805ರಲ್ಲಿ ಹುಟ್ಟಿದ ಸಂತ ಕುರಿಯಾಕೋಸ್ ಎಲಿಯಾಸ್ ಚಾವರರು 1868ರಲ್ಲಿ ತಮ್ಮ ಹುಟ್ಟೂರಿನ ಕುಟುಂಬಗಳಿಗೆ ಮಲಯಾಳದಲ್ಲಿ ಒಂದು ದೀರ್ಘ ಪತ್ರ ಬರೆದರು. ಒಳ್ಳೆಯ ತಂದೆಯೊಬ್ಬನು ಮಕ್ಕಳಿಗೆ ಬಿಟ್ಟುಹೋಗುವ ಉಯಿಲಿನಂತೆ ಅದನ್ನು ರಚಿಸಿದರು. ಅದರಲ್ಲಿ ದೇವಭಕ್ತಿ, ಮಕ್ಕಳ ಪಾಲನೆಗಳ ಜೊತೆಗೆ ಮನೆಯ ಆರ್ಥಿಕ ಶಿಸ್ತಿಗೂ ಸ್ಥಾನವಿದೆ. ತೀರಾ ಅಗತ್ಯವಿಲ್ಲದೆ ಸಾಲ ಮಾಡಬಾರದು. ಕೆಲಸ ಮಾಡಿದವನ ಕೂಲಿಯನ್ನು ತಡೆಹಿಡಿಯಬಾರದು. ಕದ್ದ ಮಾಲನ್ನು ಮನೆಯಲ್ಲಿಡಬಾರದು. ಸೋಮಾರಿತನ ದುರ್ಗುಣಗಳ ತಾಯಿ. ತಮ್ಮತಮ್ಮಲ್ಲಿ ವ್ಯಾಜ್ಯ ಹೂಡಿ ನ್ಯಾಯಾಲಯದ ಮೆಟ್ಟಿಲೇರುವುದು ಸಲ್ಲದು. ಪರರಿಗೆ ಏನೊಂದು ಒಳ್ಳೆಯದನ್ನೂ ಮಾಡದ ದಿನ ನಮ್ಮ ಆಯುಷ್ಯದ ಲೆಕ್ಕಕ್ಕೆ ಸೇರದು ಎಂಬ ಭಾವನೆಯೂ ಅದರಲ್ಲಿದೆ. ಲೆಕ್ಕದ ಪುಸ್ತಕವನ್ನೂ ಆತ್ಮದ ಪುಸ್ತಕವನ್ನೂ ಅವರು ಬೇರೆಬೇರೆಯಾಗಿ ಕಾಣಲಿಲ್ಲ. 2014ರ ನವೆಂಬರ್ 23ರಂದು ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸಿತು. ಬೆಂಗಳೂರಿನಲ್ಲಿ 1969ರಲ್ಲಿ ಕ್ರೈಸ್ಟ್ ಕಾಲೇಜನ್ನು ಆರಂಭಿಸಿದವರು ಅವರ ಸಂನ್ಯಾಸಿ ಸಭೆಯ ಗುರುಗಳೇ ಎಂಬುದನ್ನು ಸ್ಮರಿಸಿದರೆ, ಆ ಪರಂಪರೆ ನಮ್ಮ ನಾಡಿಗೂ ಹೊರಗಿನದಲ್ಲವೆಂದು ತಿಳಿಯುತ್ತದೆ.

ಮೂರನೆಯ ಅಭ್ಯಾಸ, ಸಾಲದಿಂದ ದೂರವಿರುವುದು. ಎಲ್ಲ ಸಾಲವೂ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಹಸು ಕೊಳ್ಳಲು ಮಾಡಿದ ಸಾಲವನ್ನು ಹಸುವೇ ತೀರಿಸುತ್ತದೆ. ಮಗನ ವಿದ್ಯೆಗೆ ಮಾಡಿದ ಸಾಲವನ್ನು ವಿದ್ಯೆ ತೀರಿಸುತ್ತದೆ. ಆದರೆ ಮದುವೆಯ ಮಂಟಪದ ಅಲಂಕಾರಕ್ಕೆ, ಪ್ರಥಮ ಪರಮಪ್ರಸಾದದ ಔತಣಕ್ಕೆ, ಊರಹಬ್ಬದ ದಿನ ನೆಂಟರ ಮುಂದೆ ತಲೆಯೆತ್ತಿ ನಿಲ್ಲುವುದಕ್ಕೆ ಮಾಡಿದ ಸಾಲವನ್ನು ತೀರಿಸುವವರು ಯಾರು? ಅತಿಥಿಗಳು ಎಲೆಯೆತ್ತಿ ಹೋಗುತ್ತಾರೆ, ಬಡ್ಡಿ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಇಪ್ಪತ್ತು ಸಾವಿರ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ ತಂದರೆ ತಿಂಗಳಿಗೆ ಸಾವಿರ ರೂಪಾಯಿ. ಇಪ್ಪತ್ತು ತಿಂಗಳಲ್ಲಿ ಬಡ್ಡಿಯೇ ಅಸಲಿನಷ್ಟಾಗುತ್ತದೆ, ಅಸಲು ಒಂದು ಕಾಸೂ ಕರಗಿರುವುದಿಲ್ಲ. ಮೀಟರ್ ಬಡ್ಡಿಯ ಕಥೆಯಂತೂ ಹೇಳತೀರದು. ಒಂದು ಕಿರುಸಾಲದ ಕಂತಿಗಾಗಿ ಮತ್ತೊಂದು ಕಿರುಸಾಲ, ಅದಕ್ಕಾಗಿ ಮೂರನೆಯದು ಎಂದು ಸುಳಿಯಲ್ಲಿ ಸಿಲುಕಿ, ವಸೂಲಿಗೆ ಬಂದವರ ಕಾಟ ತಾಳದೆ ಊರು ಬಿಟ್ಟ ಕುಟುಂಬಗಳಿವೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಇದರಿಂದಲೇ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಕಾನೂನು ಕಾಟವನ್ನು ತಡೆಯಬಹುದು. ಆಡಂಬರದ ಆಸೆಯನ್ನು ತಡೆಯಬೇಕಾದವರು ನಾವೇ. ಹಾಸಿಗೆ ಇದ್ದಷ್ಟು ಕಾಲು ಚಾಚುವುದಕ್ಕೆ ನಾಚಿಕೆಯೇಕೆ? ಬಲಿಪೂಜೆಯಲ್ಲಿ ಎಲ್ಲರಿಗೂ ದೊರೆಯುವ ಪರಮಪ್ರಸಾದ ಒಂದೇ. ಶ್ರೀಮಂತನಿಗೆ ದೊಡ್ಡದು, ಬಡವನಿಗೆ ಚಿಕ್ಕದು ಎಂಬುದಿಲ್ಲ. ಅಂತಹ ಪೂಜೆಯಿಂದ ಹೊರಬಂದು ಔತಣದಲ್ಲಿ ಅಂತಸ್ತು ತೋರಿಸಲು ಹೊರಡುವುದು ವಿಪರ್ಯಾಸವಲ್ಲವೆ? ಈ ಧರ್ಮಕೇಂದ್ರದ ಸ್ಥಿತಿವಂತರಲ್ಲಿ ನಮ್ಮ ಬಿನ್ನಹವಿಷ್ಟೆ: ತಾವು ಸರಳವಾಗಿ ಮದುವೆ ಮಾಡಿ ತೋರಿಸಿರಿ. ಸ್ಥಿತಿವಂತನು ಸರಳವಾಗಿ ಮಾಡಿದರೆ ಬಡವನಿಗೂ ಸರಳವಾಗಿ ಮಾಡುವ ಧೈರ್ಯ ಬರುತ್ತದೆ. ಅದು ತಾವು ಕೊಡಬಹುದಾದ ದೊಡ್ಡ ದಾನ.

ಈಗಾಗಲೇ ಸಾಲದಲ್ಲಿರುವವರಿಗೆ ಒಂದು ಮಾತು. ಸಾಲವನ್ನು ಮುಚ್ಚಿಡಬೇಡಿ. ಎಲ್ಲ ಸಾಲಗಳನ್ನೂ ಒಂದು ಹಾಳೆಯಲ್ಲಿ ಬರೆದು, ಯಾವುದರ ಬಡ್ಡಿ ಹೆಚ್ಚೋ ಅದನ್ನು ಮೊದಲು ತೀರಿಸುವ ದಾರಿ ಹುಡುಕಿ. ಹೊಸ ಸಾಲ ಮಾಡುವುದಿಲ್ಲವೆಂದು ಸಂಕಲ್ಪ ಮಾಡಿ. ನಂಬಿಕೆಯ ಹಿರಿಯರೊಬ್ಬರ ಬಳಿ, ವಿಚಾರಣಾ ಗುರುಗಳ ಬಳಿ ಹೋಗಿ ಮಾತನಾಡಿ. ಸಾಲವು ಪಾಪವಲ್ಲ, ಸಾಲಗಾರನು ಧರ್ಮಸಭೆಗೆ ಹೊರಗಿನವನೂ ಅಲ್ಲ. ಜೀವಕ್ಕಿಂತ ದೊಡ್ಡ ಸಾಲ ಯಾವುದೂ ಇಲ್ಲ.

ನಾಲ್ಕನೆಯ ಅಭ್ಯಾಸ, ಪ್ರಾಮಾಣಿಕವಾದ ದುಡಿಮೆ ಮತ್ತು ಸಂಯಮ. ಕೈ ಕೆಸರಾದರೆ ಬಾಯಿ ಮೊಸರು. ದೇವಪುತ್ರನು ಮೂವತ್ತು ವರ್ಷಗಳನ್ನು ಕಳೆದದ್ದು ಅರಮನೆಯಲ್ಲಲ್ಲ, ಬಡಗಿಯ ಮನೆಯಲ್ಲಿ. ಜಗದ್ಗುರು ಹನ್ನೆರಡನೆಯ ಭಕ್ತಿನಾಥರು 1955ರಲ್ಲಿ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸ್ಥಾಪಿಸಿ ದುಡಿಯುವ ಕೈಗೆ ಗೌರವ ತಂದರು. ಅದಕ್ಕೂ ಮೊದಲು, 1891ರಲ್ಲಿ, ಜಗದ್ಗುರು ಹದಿಮೂರನೆಯ ಸಿಂಹರಾಯರು ‘ರೇರುಂ ನೋವಾರುಂ’ ವಿಶ್ವಪತ್ರದಲ್ಲಿ ಕಾರ್ಮಿಕನಿಗೆ ಸಂಸಾರವನ್ನು ಸಾಕುವಷ್ಟು ನ್ಯಾಯವಾದ ಕೂಲಿ ಸಿಗಬೇಕೆಂದೂ, ಅದರಲ್ಲಿ ಮಿತವ್ಯಯದಿಂದ ಅಷ್ಟಿಷ್ಟು ಉಳಿಸಿ ಅವನೂ ಸ್ವಂತ ಆಸ್ತಿಯುಳ್ಳವನಾಗಬೇಕೆಂದೂ ಬೋಧಿಸಿದರು. ಇಲ್ಲಿ ಎರಡು ಕರ್ತವ್ಯಗಳಿವೆ: ಕೂಲಿ ಕೊಡುವವನದು ನ್ಯಾಯ, ಪಡೆಯುವವನದು ಮಿತವ್ಯಯ. ಒಂದನ್ನು ಬಿಟ್ಟು ಮತ್ತೊಂದನ್ನು ಬೋಧಿಸುವುದು ಅರ್ಧಸತ್ಯ. ಮನೆಗೆಲಸದವಳ ಸಂಬಳವನ್ನು ತಡಮಾಡಿ ಕೊಟ್ಟು ಅವಳಿಗೆ ಉಳಿತಾಯದ ಉಪದೇಶ ಮಾಡುವುದು ಹಾಸ್ಯಾಸ್ಪದ.

ಸಂಯಮದ ವಿಷಯದಲ್ಲೂ ಪಿಗ್ಮಿಯ ಲೆಕ್ಕವೇ ನಡೆಯುತ್ತದೆ, ಆದರೆ ತಿರುಗುಮುರುಗಾಗಿ. ದಿನಕ್ಕೆ ನೂರು ರೂಪಾಯಿಯ ಕುಡಿತವೆಂದರೆ ವರ್ಷಕ್ಕೆ 36,500 ರೂಪಾಯಿ. ಅದು ಮಗಳ ಕಾಲೇಜಿನ ಶುಲ್ಕ, ಮನೆಯ ಮಾಡಿನ ಹೆಂಚು, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಜೂಜೂ ಇದೇ ಜಾತಿಯದು. ಅದನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿತು. ಆದರೆ ಸುಲಭವಾಗಿ ಹಣ ಬರಬೇಕೆಂಬ ಆಸೆಗೆ ನಿಷೇಧ ಹೇರುವ ಕಾಯಿದೆ ಮನೆಯೊಳಗೇ ಹುಟ್ಟಬೇಕು. ಇದರ ಜೊತೆಗೆ ಭಾನುವಾರದ ವಿಶ್ರಾಂತಿಯನ್ನೂ ಮರೆಯಲಾಗದು. ಮನ್ನಾ ಸುರಿದ ಕಾಲದಲ್ಲಿ ಆರನೆಯ ದಿನ ಇಮ್ಮಡಿ ದೊರೆತದ್ದು ಏಳನೆಯ ದಿನ ವಿಶ್ರಮಿಸಲೆಂದೇ. ಏಳು ದಿನವೂ ದುಡಿದು ಮಕ್ಕಳ ಮುಖ ನೋಡದವನು ಹಣವನ್ನು ಗಳಿಸಿದರೂ ಮನೆಯನ್ನು ಕಳೆದುಕೊಳ್ಳುತ್ತಾನೆ.

ಐದನೆಯ ಅಭ್ಯಾಸ, ಹಂಚಿಕೊಳ್ಳುವುದು. ಮೊದಲು ಸಾಕಷ್ಟು ಗಳಿಸಿ ಆಮೇಲೆ ಕೊಡುತ್ತೇವೆ ಎನ್ನುವವರು ಸಾಮಾನ್ಯವಾಗಿ ಕೊಡುವುದೇ ಇಲ್ಲ. ಏಕೆಂದರೆ ಸಾಕು ಎಂಬ ದಿನ ಬರುವುದೇ ಇಲ್ಲ. ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಹೊರಟ ಸಾಮತಿಯ ಸಿರಿವಂತನು ಅದೇ ರಾತ್ರಿ ತೀರಿಕೊಂಡನು. ಮೇಲೆ ಹೇಳಿದ ಸಂತ ಚಾವರರು ಬಡ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡಿಸಲು ‘ಪಿಡಿಯರಿ’ ಎಂಬ ಪದ್ಧತಿಯನ್ನು ಬಳಕೆಗೆ ತಂದರು. ಅಂದರೆ ಹಿಡಿ ಅಕ್ಕಿ. ದಿನವೂ ಅನ್ನಕ್ಕೆ ಇಡುವಾಗ ಗೃಹಿಣಿ ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಗೆ ಹಾಕುತ್ತಾಳೆ. ಮನೆಯ ಊಟಕ್ಕೆ ಕೊರತೆಯಿಲ್ಲ, ಬಡ ಮಗುವಿನ ಊಟಕ್ಕೆ ದಾರಿಯಾಯಿತು. ದಿನದ ಉಳಿತಾಯಕ್ಕೆ ಪಿಗ್ಮಿ ಹೇಗೋ ದಿನದ ದಾನಕ್ಕೆ ಹಿಡಿ ಅಕ್ಕಿ ಹಾಗೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತರ ಯುವಕ ಕೆಲವು ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯೂ ಬಡವರ ಮನೆಗೆ ತಾನೇ ನಡೆದುಹೋಗುವ ಸರಳ ಅಭ್ಯಾಸದಿಂದಲೇ ಬೆಳೆಯಿತು. ಕೊಡುವ ಕೈ ಹಣದ ಒಡೆಯನಾಗಿರುತ್ತದೆ. ಕೊಡಲಾರದ ಕೈ ಹಣದ ಆಳಾಗಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಸಂತಸದ ಮಾತೆಲ್ಲಿ ಎಂದು ಕೇಳುವಿರಾ? ಸಂತಸವು ಸಿರಿಯ ಬಾಲವನ್ನು ಹಿಡಿದು ಬರುವುದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು 1938ರಿಂದ ನೂರಾರು ಮಂದಿಯ ಬದುಕನ್ನು ಹತ್ತಾರು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ, ಮನುಷ್ಯನ ಆರೋಗ್ಯಕ್ಕೂ ನೆಮ್ಮದಿಗೂ ಬಲವಾದ ಆಧಾರ ಆತ್ಮೀಯ ಸಂಬಂಧಗಳೇ ಎಂದು ಕಂಡುಬಂದಿದೆ. ನಮ್ಮ ಅಜ್ಜಿಯಂದಿರು ಇದನ್ನು ಅಧ್ಯಯನವಿಲ್ಲದೆಯೇ ಬಲ್ಲವರಾಗಿದ್ದರು. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಂದು, ಗುರುಗಳು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ. ದೂರದೂರಿನಲ್ಲಿರುವ ಮಗನಿಗೆ ಅಂಚೆಯಲ್ಲಿ ಕಾಳು ಕಳುಹಿಸುವ ಪದ್ಧತಿಯೂ ಉಂಟು. ನಾಲ್ಕು ಕಾಳಿನ ಬೆಲೆ ಎಷ್ಟು? ಆದರೆ ಅದನ್ನು ಬಾಯಿಗೆ ಹಾಕಿಕೊಂಡ ಮಗನಿಗೆ ತಾನು ಒಂಟಿಯಲ್ಲವೆಂಬ ಅರಿವು ಬರುತ್ತದೆ. ಕೃತಜ್ಞತೆ, ಹಂಚಿಕೆ, ನೆನಪು, ಇವು ಮೂರೂ ಸೇರಿದಲ್ಲಿ ಸಂತಸ ಕರೆಯದೆಯೇ ಬರುತ್ತದೆ.

ಇವೆಲ್ಲವನ್ನೂ ಒಂದು ದಿನಚರಿಯಾಗಿ ಹೀಗೆ ಅಳವಡಿಸಿಕೊಳ್ಳಬಹುದು. ಬೆಳಗ್ಗೆ ಎದ್ದೊಡನೆ ಶಿಲುಬೆಯ ಗುರುತು ಹಾಕಿ, ಅಂದಿನ ಒಂದು ಮುಖ್ಯ ಕೆಲಸವನ್ನು ಮನಸ್ಸಿನಲ್ಲಿ ನಿಶ್ಚಯಿಸುವುದು. ಅಡಿಗೆಗೆ ಇಡುವಾಗ ಹಿಡಿ ಅಕ್ಕಿಯನ್ನು ಬೇರೆ ತೆಗೆಯುವುದು. ಹಗಲಲ್ಲಿ ಪಡೆದ ಸಂಬಳಕ್ಕೆ ಸರಿಯಾಗಿ ದುಡಿಯುವುದು, ದುಡಿಸಿಕೊಂಡವನಿಗೆ ಸರಿಯಾಗಿ ಕೊಡುವುದು. ಸಂಜೆ ಉಳಿತಾಯದ ಪಾಲನ್ನು ಎತ್ತಿಡುವುದು. ರಾತ್ರಿ ಮೊಬೈಲನ್ನು ದೂರವಿಟ್ಟು ಎಲ್ಲರೂ ಒಟ್ಟಿಗೆ ಉಣ್ಣುವುದು, ಜಪಸರ ಹೇಳುವುದು, ಐದು ನಿಮಿಷ ಲೆಕ್ಕದ ಪುಸ್ತಕವನ್ನೂ ಐದು ನಿಮಿಷ ಆತ್ಮಶೋಧನೆಯನ್ನೂ ನಡೆಸುವುದು. ಮಲಗುವ ಮುನ್ನ ಅಂದು ದೊರೆತ ಮೂರು ಒಳಿತುಗಳಿಗಾಗಿ ದೇವರಿಗೆ ವಂದನೆ ಸಲ್ಲಿಸುವುದು. ಇದಕ್ಕೆ ಶ್ರೀಮಂತಿಕೆ ಬೇಡ, ಹೆಚ್ಚಿನ ವಿದ್ಯೆಯೂ ಬೇಡ. ಬಿಡದೆ ನಡೆಸುವ ಮನಸ್ಸು ಬೇಕು. ಪರಲೋಕ ಮಂತ್ರದಲ್ಲಿ ಪ್ರಭು ನಮಗೆ ಬೇಡಲು ಕಲಿಸಿದ್ದು ವರ್ಷದ ಕಣಜವನ್ನಲ್ಲ, ಅಂದಂದಿನ ಆಹಾರವನ್ನು. ಅದೂ ‘ನನಗೆ’ ಎಂದಲ್ಲ, ‘ನಮಗೆ’ ಎಂದು.

ಕೊನೆಯದಾಗಿ ಒಂದು ಸಲಹೆ. ಶತಮಾನೋತ್ಸವದ ದೀಪಾಲಂಕಾರ ಕೆಲವು ದಿನಗಳಲ್ಲಿ ಇಳಿಯುತ್ತದೆ. ನೂರೊಂದನೆಯ ವರ್ಷಕ್ಕೆ ಏನಾದರೂ ಉಳಿಯಬೇಕಾದರೆ, ನಮ್ಮ ಪ್ರತಿಯೊಂದು ವಾರ್ಡಿನಲ್ಲೂ ಹತ್ತು ಹದಿನೈದು ಕುಟುಂಬಗಳ ಒಂದು ಉಳಿತಾಯ ಬಳಗ ಹುಟ್ಟಲಿ. ವಾರಕ್ಕೊಮ್ಮೆ ಸೇರಿ ಪ್ರಾರ್ಥಿಸಲಿ, ಪಾಲು ಕಟ್ಟಲಿ, ಲೆಕ್ಕವನ್ನು ಎಲ್ಲರೆದುರು ಓದಲಿ, ಹಣವನ್ನು ಬ್ಯಾಂಕಿನಲ್ಲಿಡಲಿ. ಆಸ್ಪತ್ರೆಯ ಖರ್ಚಿಗೆ, ಮಕ್ಕಳ ಶುಲ್ಕಕ್ಕೆ ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗಿದ್ದ ಒಬ್ಬ ತಾಯಿ ಈ ಬಳಗದ ಬಾಗಿಲಿಗೆ ಬರುವಂತಾದರೆ, ನೂರು ವರ್ಷಗಳ ಹಿಂದೆ ಇಲ್ಲಿ ಅಡಿಗಲ್ಲಿಟ್ಟವರ ಆತ್ಮಗಳು ತಣಿಯುತ್ತವೆ.

ಧರ್ಮಕೇಂದ್ರದ ಎಲ್ಲ ಮನೆಗಳಲ್ಲೂ ಸಾಲದ ಚಿಂತೆ ನೀಗಿ, ದುಡಿಮೆಯ ಫಲ ಕೈಗೂಡಿ, ಸಂಜೆಯ ಜಪಸರದ ದನಿ ತುಂಬಲೆಂದು ಹಾರೈಸುತ್ತೇವೆ. ದೇವರಿಗೆ ಸ್ತೋತ್ರ.